ಒಂದು ಗುಂಪೋ, ಎರಡೋ

ಜನವರಿ 9

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಗಣ್ಯರಲ್ಲದಿದ್ದರೂ ಕುರ್ಚಿ ಸಿಕ್ಕಿದ್ದರಿಂದ ಆಸೀನರಾಗಿರುವವರೇ, ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ದೂರದೃಷ್ಟಿಯ ಮಹನೀಯರೇ,

ಇಂದು ನಾವು ಇಲ್ಲಿ ಸೇರಿರುವುದು ನನ್ನ ತಂಗಿಯ ಅಭಿನಂದನೆಗಾಗಿ. ಮನೆಯಲ್ಲಿ ಈಕೆಯ ಹೆಸರು ತಕರಾರು. ಮಾತು ಕಲಿಯುವ ಮೊದಲೇ ತಲೆ ಅಡ್ಡ ಆಡಿಸುವುದನ್ನು ಕಲಿತಿದ್ದರಿಂದ ಬಂದ ಬಿರುದು. ನಿನ್ನೆಯ ಪತ್ರಿಕೆಯ ಒಳಪುಟದಲ್ಲಿ, ಟೈರಿನ ಜಾಹೀರಾತಿನ ಪಕ್ಕದಲ್ಲಿ, ಈಕೆಯ ಕಚೇರಿ ಹೇಳಿಕೆ ಕೊಟ್ಟಿದೆ: ಈಗ ಶುರುವಾಗಿರುವ ಸೌರಚಕ್ರ ದುರ್ಬಲವಾಗಿರುತ್ತದೆ.

ಸಭಿಕರಲ್ಲಿ ತಿಳಿಯದವರಿಗಾಗಿ ಒಂದು ಮಾತು. ಸೂರ್ಯನ ಮುಖದ ಮೇಲೆ ಕಪ್ಪು ಕಲೆಗಳು ಏಳುತ್ತವೆ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚುತ್ತವೆ, ತಗ್ಗುತ್ತವೆ, ಮತ್ತೆ ಹೆಚ್ಚುತ್ತವೆ. ಹೆಚ್ಚಿದಾಗ ಸೂರ್ಯನಿಗೆ ಸಿಟ್ಟು. ಉಪಗ್ರಹಗಳು ದಾರಿ ತಪ್ಪುತ್ತವೆ, ವಿಮಾನದ ರೇಡಿಯೋ ಗೊರಗುಟ್ಟುತ್ತದೆ, ವಿದ್ಯುತ್ ಕಚೇರಿಯವರು ಬೆವರುತ್ತಾರೆ. ಆದ್ದರಿಂದ ಈ ಏರಿಕೆ ಎಷ್ಟು ಎತ್ತರ ಹೋಗುತ್ತದೆ ಎಂದು ಮೊದಲೇ ಹೇಳುವವರಿಗೆ ಸಂಬಳ ಕೊಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸ. ತಂಗಿ ಕುಲಾವಿ ಹೊಲಿಯುತ್ತಾಳೆ. ಅಣ್ಣನಾದ ನಾನು ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಕೂತು ಕೂಸಿನ ತಲೆ ಅಳೆಯುತ್ತೇನೆ.

ಈ ಸಂದರ್ಭಕ್ಕೆಂದೇ ರಚಿಸಿದ್ದು:

ಮೊಡವೆ ಮೂರೇ ಎಂದಳು ತಂಗಿ,
ಮೋಡದ ಮರೆಯಲಿ ನಕ್ಕಿತು ಬೆಂಕಿ.

ಫೋನು ಮಾಡಬಹುದಿತ್ತು. ಆದರೆ ಕಳೆದ ಸಲ ಮಾತಾಡಿದಾಗ ಇಬ್ಬರೂ ಫೋನು ಕುಕ್ಕಿದೆವು. ಯಾರು ಮೊದಲು ಕುಕ್ಕಿದ್ದು ಎಂಬುದು ಇನ್ನೂ ವಿಚಾರಣೆಯಲ್ಲಿದೆ. ನೀನು ನನ್ನ ಜೊತೆ ಕಲೆ ಎಣಿಸುತ್ತಿದ್ದ ನಮ್ಮ ಮೇಜು ಬಿಟ್ಟು ಆ ಕಚೇರಿ ಸೇರಿದ್ದಕ್ಕೆ ‘ಜ್ಯೋತಿಷ್ಯ ಹೇಳೋಕೆ ಹೊರಟಳು’ ಎಂದು ನಾನು ಅಂದದ್ದು ನಿಜ. ವಾಪಸು ತೆಗೆದುಕೊಳ್ಳುತ್ತೇನೆ, ಅರ್ಧ.

ಮೇಜಿನ ಎದುರಿನ ನಿನ್ನ ಸ್ಟೂಲಿನ ಮೇಲೆ ಈಗ ಹಳೆಯ ಫೈಲುಗಳು ಕೂತಿವೆ. ಅವು ತಲೆ ಅಡ್ಡ ಆಡಿಸುವುದಿಲ್ಲ. ಇಷ್ಟು ಹೇಳಿ ನನ್ನ ನಾಲ್ಕು ಮಾತು ಮುಗಿಸುತ್ತೇನೆ.

ನಿನ್ನ
ಅಣ್ಣ


ಜನವರಿ 21

ಅಣ್ಣಾ,

ನಿನ್ನ ಸಭೆಗೆ ನನ್ನ ನಮಸ್ಕಾರ. ಫೋನು ಮೊದಲು ಕುಕ್ಕಿದ್ದು ನೀನು.

ಪತ್ರಿಕೆಯಲ್ಲಿ ಬಂದಷ್ಟು ಸಲೀಸಾಗಿ ಆಗಲಿಲ್ಲ ಅದು. ಮಂಡಳಿಯಲ್ಲಿ ಉಳಿದವರೆಲ್ಲ ‘ಪ್ರಬಲ’ ಅಂದರು. ನಾನೊಬ್ಬಳೇ ‘ದುರ್ಬಲ’ ಅಂದೆ. ಚಕ್ರ ತಳ ಮುಟ್ಟಿದ ಹೊತ್ತಿನಲ್ಲಿ ಸೂರ್ಯನ ಎರಡು ಧ್ರುವಗಳ ಕಾಂತಕ್ಷೇತ್ರ ಎಷ್ಟು ಗಟ್ಟಿ ಇದೆಯೋ ಅದರ ಮೇಲೆ ಮುಂದಿನ ಚಕ್ರ ನಿಂತಿದೆ ಅನ್ನೋದು ನನ್ನ ವಾದ. ಅದು ಬೀಜ, ಕಲೆಗಳು ಬೆಳೆ. ಈ ಸಲ ಬೀಜ ಜೊಳ್ಳು. ಮೂರು ದಿನ ವಾದ ಮಾಡಿದೆ. ಕೊನೆಗೆ ಅಧ್ಯಕ್ಷೆ ಪೆನ್ನು ಕೆಳಗಿಟ್ಟು, ‘ಆಯ್ತಮ್ಮ, ನಕ್ಷೆಯಲ್ಲಿ ನಿನ್ನ ಗೆರೆಯನ್ನೇ ಹಾಕೋಣ. ತಪ್ಪಿದರೆ ಹೆಸರೂ ನಿನ್ನದೇ’ ಅಂತ ನಕ್ಕರು. ನಗು ಅವರದು, ನಡುಕ ನನ್ನದು. (ನೋಡು, ನಿನ್ನ ರೋಗ ಅಂಟಿದೆ.)

ವರ್ಷದ ಕೊನೆಯಲ್ಲಿ ಪರಿಶೀಲನೆ. ಅಷ್ಟರಲ್ಲಿ ಕಲೆಗಳ ಎಣಿಕೆ ನನ್ನ ಗೆರೆ ದಾಟಿ ಮೇಲೆ ಹೋದರೆ ಮುನ್ಸೂಚನೆ ವಾಪಸು, ನಾನೂ ಈ ಕೆಲಸದಿಂದ ಹೊರಗೆ. ಎಣಿಕೆ ಅಂದರೆ ನೀನೇ. ಎಲ್ಲ ಕಡೆಯ ವೀಕ್ಷಕರ ಅಂಕಿಗಳನ್ನೂ ನಿಮ್ಮ ಮೇಜಿನ ಅಂಕಿಗೆ ಸರಿಹೊಂದಿಸಿಯೇ ತೂಗೋದು. ನಿಮ್ಮದು ಎಲ್ಲಕ್ಕಿಂತ ಹಳೆಯ ಮೇಜು, ನಮ್ಮ ಅಳತೆಗೋಲು.

ಅದಕ್ಕೇ ಒಂದೇ ಮಾತು ಕೇಳ್ತೀನಿ. ನನಗೋಸ್ಕರ ಒಂದು ಚುಕ್ಕಿ ಕೂಡ ಕಮ್ಮಿ ಮಾಡಬೇಡ.

ಅತ್ತಿಗೆಗೆ ಕೇಳಿದೆ ಅಂತ ಹೇಳು.

ತಂಗಿ


ಫೆಬ್ರವರಿ 2

ಪ್ರೀತಿಯ ತಕರಾರು,

ಪತ್ರ ತಲುಪಿದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ದೂರದರ್ಶಕದಿಂದ ಬಂದ ಸೂರ್ಯನ ಬಿಂಬ ಹಾಳೆಯ ಮೇಲೆ ತಟ್ಟೆಯಗಲ ಬಿತ್ತು. ಕಪ್ಪು ಪರದೆ ಎಳೆದು ಪೆನ್ಸಿಲ್ ಹಿಡಿದೆ. ಒಂದು ಚುಕ್ಕಿಯ ಮೇಲೆ ಸಂಶಯ ಬಂತು. ಹಾಳೆ ಅಲುಗಿಸಿದೆ, ಚುಕ್ಕಿ ಹಾಳೆಯ ಜೊತೆಗೇ ಬಂತು. ಸೂರ್ಯನದಲ್ಲ, ಹಾಳೆಯ ಕಸ. ಊದಿದೆ, ಹೋಯಿತು. ಎಲ್ಲ ಸಂಶಯವೂ ಹೀಗೆ ಊದಿದರೆ ಹೋಗುವಂಥದ್ದಾಗಿದ್ದರೆ ನಿನ್ನ ಮಂಡಳಿಗೆ ಒಂದು ಊದುಗೊಳವೆ ಸಾಕಿತ್ತು.

ಗಂಟಲು ಸಾಹೇಬರು ಬಂದರು. (ನಮ್ಮ ಮೇಲಧಿಕಾರಿಗೆ ಇನ್ನೂ ಕೆಮ್ಮದೆ ಮಾತು ಶುರು ಮಾಡಲು ಬಂದಿಲ್ಲ.) “ಹ್ಹೆಂ... ಏನಪ್ಪಾ, ತಂಗಿ ಹೇಳಿದಷ್ಟು ಎಣಿಸ್ತೀಯೋ, ಸೂರ್ಯ ಹೇಳಿದಷ್ಟೋ?”

“ಇಬ್ಬರೂ ನನ್ನ ಮಾತು ಕೇಳೋರಲ್ಲ ಸಾರ್” ಅಂದೆ.

ನಗುತ್ತಾ ಹೋದರು. ಆದರೆ ಕೇಳಿದ್ದು ತಮಾಷೆಗಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ತೊಂದರೆ ಚುಕ್ಕಿಗಳದಲ್ಲ, ಗುಂಪುಗಳದು. ಚುಕ್ಕಿಗೆ ಒಂದು ಅಂಕ, ಗುಂಪಿಗೆ ಹತ್ತು. ಅಕ್ಕಪಕ್ಕ ಎರಡು ಗೊಂಚಲು ಕಂಡರೆ ಅವು ಒಂದೇ ಮನೆಯವೋ, ಬೇರೆ ಬೇರೆ ಒಲೆ ಹೂಡಿದವೋ ಎಂದು ಎಣಿಸುವವನೇ ತೀರ್ಮಾನಿಸಬೇಕು. ಪಾಲು ಮಾಡಿದರೆ ಕೂತಲ್ಲೇ ಹತ್ತು ಅಂಕ ಹೆಚ್ಚು. ನೀನಿದ್ದಾಗ ನಾನು “ಎರಡು” ಅನ್ನುತ್ತಿದ್ದೆ. ನೀನು ಎದುರಿನಿಂದ “ಒಂದೇ ಕಣೋ, ಕಣ್ಣು ತೊಳ್ಕೊಂಡು ಬಾ” ಅನ್ನುತ್ತಿದ್ದೆ. ಜಗಳ ಆಡಿ, ಚಹಾ ಕುಡಿದು, ಮತ್ತೆ ಬಂದು ನೋಡುವಷ್ಟರಲ್ಲಿ ಉತ್ತರ ತಾನೇ ತಿಳಿಯಾಗಿರುತ್ತಿತ್ತು. ಮೊನ್ನೆ ಅಂಥದ್ದೇ ಒಂದು ಗೊಂಚಲು ಬಂತು. ನಿನ್ನ ದನಿ ತೆಗೆದು ನನಗೆ ನಾನೇ ಬೈದುಕೊಂಡೆ. ‘ಒಂದು’ ಎಂದು ಬರೆದೆ.

ಹೆದರಬೇಡ. ಕಮ್ಮಿಯೂ ಮಾಡುವುದಿಲ್ಲ, ಹೆಚ್ಚೂ ಮಾಡುವುದಿಲ್ಲ. ನೀನು ಗೆಲ್ಲಬೇಕು ಎಂದು ಇಲ್ಲಿ ಎಲ್ಲರ ಮುಂದೆಯೂ ಹೇಳಿದ್ದೇನೆ.

ಬೇಗ ಬರೆ.

ಅಣ್ಣ


ಏಪ್ರಿಲ್ 12

ಮಾನ್ಯ ಸಭಿಕರೇ,

ಅಭಿನಂದನೆಗೆ ಪಾತ್ರಳಾದವಳು ಸಭೆಗೆ ಬಂದಿಲ್ಲವಾದ್ದರಿಂದ ಕಾರ್ಯಕ್ರಮವನ್ನು ಅವಳಿಲ್ಲದೆಯೇ ಮುಂದುವರಿಸಲಾಗುವುದು. ಫೆಬ್ರವರಿಯ ಪತ್ರಕ್ಕೆ ಉತ್ತರ ಬಂದಿಲ್ಲ. ಮಾರ್ಚಿನಲ್ಲಿ ಹಾಕಿದ ಕಾರ್ಡಿಗೂ ಬಂದಿಲ್ಲ. ಅಂಚೆಯವನ ಮೇಲೆ ಅನುಮಾನ ಪಟ್ಟೆ; ವಿದ್ಯುತ್ ಬಿಲ್ಲು ಮಾತ್ರ ತಪ್ಪದೆ ತಂದುಕೊಟ್ಟು ಅವನು ತನ್ನ ಪ್ರಾಮಾಣಿಕತೆ ಸಾಬೀತು ಮಾಡಿದ.

ಬರೆದರೆ ಓಲೆ, ಬಾರದು ಮಾರೋಲೆ,
ಬರಿಗೈ ನೋಡಿ ನಗುವುದು ಬಾಗಿಲ ಚೀಲೆ.

‘ಚೀಲೆ’ ಅಂದರೆ ಏನು ಎಂದು ಕೇಳಬೇಡ. ಚಿಲಕವೇ. ಪ್ರಾಸಕ್ಕಾಗಿ ಕಾಲು ಮುರಿದುಕೊಂಡಿದೆ.

ಸೂರ್ಯ ಉತ್ಸಾಹದಲ್ಲಿದ್ದಾನೆ. ಅಂಚಿನಿಂದ ಕುಟುಂಬ ಕುಟುಂಬವೇ ವಲಸೆ ಬರುತ್ತಿದೆ. ಮಾರ್ಚಿನ ಅಂಕಿ ನಿನ್ನ ಗೆರೆಯ ಮೇಲೆ ಹೋಗಿದೆ. ನಿನಗೆ ಇದು ಸಿಹಿ ಸುದ್ದಿಯಲ್ಲ ಎಂದು ಗೊತ್ತು, ಆದರೆ ಕಂಡದ್ದು ಬರೆಯಬೇಕಲ್ಲ. ಗಂಟಲು ಸಾಹೇಬರು ಅಂಕಿ ನೋಡಿ ಕೆಮ್ಮುವುದನ್ನೇ ಮರೆತರು. “ಸ್ವಂತ ತಂಗೀನೂ ಬಿಡಲಿಲ್ಲವಲ್ಲಪ್ಪಾ! ನಿಯತ್ತು ಅಂದ್ರೆ ಇದು” ಎಂದು ಬೆನ್ನು ತಟ್ಟಿದರು. ಬೆನ್ನು ಇನ್ನೂ ಉರಿಯುತ್ತಿದೆ.

ಹುಷಾರಾಗಿದ್ದೀಯ ತಾನೆ?

ಅಣ್ಣ


ಏಪ್ರಿಲ್ 29

ಅಣ್ಣಾ,

ಹುಷಾರಾಗಿದ್ದೀನಿ. ತಪ್ಪು ತಿಳೀಬೇಡ.

ಪ್ರತಿ ತಿಂಗಳು ನಿನ್ನ ಅಂಕಿ ಬಂದಾಗ ಸಭೆಯಲ್ಲಿ ಯಾರೂ ಪರದೆ ನೋಡೋದಿಲ್ಲ, ನನ್ನ ಮುಖ ನೋಡ್ತಾರೆ. ಒಬ್ಬ ಹಿರಿಯರು ಮೆತ್ತಗೆ ಬಂದು, “ದುರ್ಬಲ ಅನ್ನೋದನ್ನ ‘ಸಾಧಾರಣ’ ಅಂತ ಮಾಡಿಬಿಡಮ್ಮ, ಯಾವ ಕಡೆ ಬಿದ್ದರೂ ಕಾಲ ಮೇಲೆ ನಿಲ್ಲುತ್ತೆ” ಅಂದರು. ಅಡ್ಡಗೋಡೆ ಮೇಲೆ ದೀಪ ಇಡೋಕೆ ನನ್ನ ಕೈಲಿ ಆಗಲ್ಲ ಅಂದೆ. ಹೊರಗೆ ಬಂದು ಕೈ ತೊಳೆಯೋ ಜಾಗದಲ್ಲಿ ನಲ್ಲಿ ಬಿಟ್ಟು ಸ್ವಲ್ಪ ಹೊತ್ತು ನಿಂತಿದ್ದೆ. ಧ್ರುವದ ಅಳತೆಗಳನ್ನು ಮತ್ತೆ ಮತ್ತೆ ನೋಡ್ತೀನಿ. ಎಲ್ಲಿ ತಪ್ಪಿದೀನಿ ಅಂತ ಕಾಣೋದಿಲ್ಲ.

ಬರೀದೆ ಇದ್ದದ್ದು ಸಿಟ್ಟಿನಿಂದಲ್ಲ. ಬರೆಯೋಕೆ ಕೂತರೆ ‘ಅಣ್ಣಾ, ಇನ್ನೊಂದು ಸಲ ನೋಡೋ’ ಅಂತ ಕೇಳಿಬಿಡ್ತೀನಿ ಅನ್ನೋ ಭಯ. ನಾನು ಕೇಳಬಾರದು, ನೀನು ನೋಡಬಾರದು. ಅದಕ್ಕೆ ಪೆನ್ನನ್ನೇ ಮುಟ್ಟಲಿಲ್ಲ.

ಚೀಲೆಗೆ ಬೇಗ ಗುಣವಾಗಲಿ.

ತಂಗಿ


ಮೇ 8

ತಕರಾರು,

ನಿನ್ನ ಪತ್ರವನ್ನು ನಿನ್ನ ಅತ್ತಿಗೆ ನನಗಿಂತ ಮೊದಲೇ ಓದಿ, “ಪಾಪ, ಎಷ್ಟು ಸೊರಗಿದಾಳೋ” ಎಂದು ಅಕ್ಷರ ನೋಡಿಯೇ ತೂಕ ಹೇಳಿದಳು. ಅವಳನ್ನೂ ನಿನ್ನ ಮಂಡಳಿಗೆ ಸೇರಿಸಿಕೊಳ್ಳಬಹುದು.

‘ಸಾಧಾರಣ’ ಮಾಡಬೇಡ. ನಿಂತ ಮೇಲೆ ನಿಂತುಬಿಡು. ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಹಟ ಹಿಡಿದು ನಿಂತೇ ಬರುತ್ತಿದ್ದವಳು ನೀನು.

ನೋಡು, ನೀನು ಬರೆದದ್ದು ಅವನಿಗೂ ತಿಳಿಯಿತೇನೋ, ಈ ವಾರ ಸೂರ್ಯ ತಣ್ಣಗಿದ್ದಾನೆ. ಎರಡು ದೊಡ್ಡ ಗೊಂಚಲು ಹತ್ತಿರ ಹತ್ತಿರ ಬಂದವು. ಒಂದೇ ಮನೆ ಎಂದು ನೋಡಿದ ಕೂಡಲೇ ಗೊತ್ತಾಯಿತು, ಜಗಳಕ್ಕೆ ಜಾಗವೇ ಇರಲಿಲ್ಲ.

ಇನ್ನು ಮೇಲೆ ಸೂರ್ಯನ ವಿಷಯ ಬರೆಯುವುದೇ ಬೇಡ. ಹಲ್ಲುನೋವು, ಹವಾಮಾನ, ಅತ್ತಿಗೆಯ ಅಡುಗೆ, ಏನಾದರೂ ಬರೆ.

ಅಣ್ಣ


ಆಗಸ್ಟ್ 5

ತಂಗೀ,

ನನಗೆ ಹಲ್ಲುನೋವು. ಹವಾಮಾನ ಚೆನ್ನಾಗಿದೆ. ಅತ್ತಿಗೆಯ ಅಡುಗೆಯ ಬಗ್ಗೆ ಅವಳು ಪಕ್ಕದಲ್ಲಿರುವಾಗ ಬರೆಯುವಂತಿಲ್ಲ.

ಜೂನ್ ಹೋಯಿತು, ಜುಲೈಯೂ ಹೋಯಿತು. ಮೊನ್ನೆ ಊಟದ ಹೊತ್ತಿನಲ್ಲಿ ಬಾಳೆಹಣ್ಣು ಹಿಡಿದು ಅದರ ಮೇಲಿನ ಕಲೆಗಳನ್ನು ನೋಡುತ್ತಿದ್ದೆನಂತೆ. ನಿನ್ನ ಅತ್ತಿಗೆ ತಟ್ಟೆ ಕುಕ್ಕಿದಳು. “ನಿಮ್ಮ ತಂಗಿ ಬರೀಲಿಲ್ಲ ಅಂದ್ರೆ ಅವಳಿಗೆ ಬೈರಿ. ಆ ಸೂರ್ಯನ್ನ ಯಾಕೆ ಹಾಗೆ ಗುರಾಯಿಸ್ತೀರಿ?”

“ನಾನು ಗುರಾಯಿಸಲಿಲ್ಲ, ವೀಕ್ಷಿಸಿದೆ” ಅಂದೆ.

“ವೀಕ್ಷಿಸೋರು ಹಲ್ಲು ಕಡಿಯಲ್ಲ” ಅಂದಳು.

ಹಲ್ಲುನೋವಿಗೆ ಕಾರಣ ಸಿಕ್ಕಿತು. ಪ್ರಾಸ ಹೊಳೆಯುತ್ತಿಲ್ಲ.

ಅಣ್ಣ


ಸೆಪ್ಟೆಂಬರ್ 14

ಅಣ್ಣಾ,

ಇದನ್ನು ಹೇಗೆ ಬರೀಬೇಕೋ ಗೊತ್ತಿಲ್ಲ. ನೇರವಾಗಿ ಬರೀತೀನಿ.

ಪ್ರತಿ ವೀಕ್ಷಕನ ಕಣ್ಣಿಗೂ ನಾವು ಒಂದು ಗುಣಕ ಇಟ್ಟಿರ್ತೀವಲ್ಲ, ಅವರ ಅಂಕಿಯನ್ನು ನಿನ್ನ ಅಂಕಿಗೆ ಸಮ ಮಾಡೋಕೆ? ಈ ವರ್ಷ ಎಲ್ಲರ ಗುಣಕವೂ ಒಟ್ಟಿಗೆ ಏರ್ತಾ ಇದೆ. ಅಂದರೆ ಬೇರೆ ಬೇರೆ ಊರಿನಲ್ಲಿ ಕೂತ ಎಲ್ಲರ ಕಣ್ಣೂ ಒಂದೇ ತಿಂಗಳಲ್ಲಿ ಮಂದವಾಗಿರಬೇಕು. ಮಂಡಳಿಯವರು ಅದನ್ನೇ ನಂಬಿಕೊಂಡು ಕೂತಿದಾರೆ, ಯಾಕಂದ್ರೆ ಅಳತೆಗೋಲನ್ನು ಯಾರೂ ಅಳೆಯೋದಿಲ್ಲ. ನಾನು ಆ ಕೋಲಿನ ಎದುರು ವರ್ಷಗಟ್ಟಲೆ ಕೂತವಳು. ನಿನ್ನ ಚಿತ್ರಗಳನ್ನು ತರಿಸಿಕೊಂಡು ನೋಡಿದೆ.

ಚಿತ್ರ ಸರಿಯಾಗಿದೆ. ಒಂದು ಚುಕ್ಕಿಯೂ ಸುಳ್ಳಲ್ಲ. ಆದರೆ ಗುಂಪುಗಳನ್ನು ಒಡೆದಿದೀಯ. ನಾನಿದ್ದಿದ್ರೆ ಒಂದು ಅನ್ನಬಹುದಾಗಿದ್ದ ಕಡೆಯೆಲ್ಲ ಎರಡು. ಕೆಲವು ಕಡೆ ಮೂರು.

ಕಣ್ಣಿಗೆ ಏನಾದರೂ ಆಯ್ತೇನೋ ಅಂತ ಮೊದಲು ಹೆದರಿದೆ. ಪೊರೆ ಬಂದಿದ್ದರೆ ಎಣಿಕೆ ಇಳೀಬೇಕು, ಏರಬಾರದು. ಮೇಲಾಗಿ ಇದು ಹೋಗಿ ಬಂದು ಮಾಡ್ತಿದೆ. ಫೆಬ್ರವರಿ ಚೊಕ್ಕ. ಮಾರ್ಚಿನಿಂದ ಏರಿದೆ. ಮೇನಲ್ಲಿ ಮತ್ತೆ ಸರಿ. ಜುಲೈ ಅಂತೂ ನೋಡೋ ಹಾಗಿಲ್ಲ.

ನಾನೇ ಮರುಎಣಿಕೆ ಮಾಡಿ ತೋರಿಸೋ ಹಾಗಿಲ್ಲ. ಗೆಲ್ಲೋಕೆ ತಾನೇ ಎಣಿಸಿಕೊಂಡಳು ಅಂತಾರೆ. ನೀನೇ ಹೇಳಬೇಕು. ಏನಾಗ್ತಿದೆ?

ತಂಗಿ


ಸೆಪ್ಟೆಂಬರ್ 20

ತಂಗೀ,

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಬರೆದು ಪೋಸ್ಟು ಮಾಡಲು ಹೊರಟಿದ್ದೆ. ಅರ್ಧ ದಾರಿಯಿಂದ ವಾಪಸು ಬಂದು ಕಳೆದ ತಿಂಗಳುಗಳ ಹಾಳೆಗಳನ್ನು ನೆಲದ ಮೇಲೆ ಹರವಿದೆ. ನಿನ್ನ ಮಾತು ನಿಜ. ಒಂದೇ ಸೂರಿನಡಿ ಉಣ್ಣುತ್ತಿದ್ದವರನ್ನು ಕೂಡ ಬೇರೆ ಮಾಡಿದ್ದೇನೆ. ನನ್ನ ಕೈಬರಹವೇ, ನನ್ನ ಗೆರೆಯೇ. ನನಗೇ ಗುರುತು ಸಿಗಲಿಲ್ಲ.

ಕಾರಣ ಕೇಳಿದ್ದೀಯ. ಯೋಚಿಸಿದೆ. ನೀನು ಹೇಳಿದ್ದೆಯಲ್ಲ, ನನಗೋಸ್ಕರ ಕಮ್ಮಿ ಮಾಡಬೇಡ ಎಂದು? ಸಾಹೇಬರೂ ಕಣ್ಣಿಟ್ಟಿದ್ದರು. ಸಂಶಯ ಬಂದಾಗೆಲ್ಲ, ‘ಒಂದು’ ಎಂದು ಬರೆದರೆ ತಂಗಿಯ ಪರ ಬರೆದ ಹಾಗಾಗುತ್ತದೆ ಎಂದು ಹೆದರಿ ‘ಎರಡು’ ಎಂದು ಬರೆದಿರಬೇಕು. ನೆಟ್ಟಗೆ ನಿಲ್ಲಲು ಹೋಗಿ ಹಿಂದಕ್ಕೆ ಬಾಗಿದೆ. ಇಷ್ಟೇ ಇರಬೇಕು.

ನನ್ನನ್ನು ಮೇಜಿನಿಂದ ಎಬ್ಬಿಸುವುದಾದರೆ ಎಬ್ಬಿಸಲಿ. ನಿನ್ನ ಗೆರೆ ಉಳಿಯಬೇಕು.

ಅಣ್ಣ


ಸೆಪ್ಟೆಂಬರ್ 29

ಅಣ್ಣಾ,

ನಿನ್ನ ಪತ್ರ ಓದಿ ನಕ್ಕು ನಕ್ಕು ಅತ್ತೆ. ಇಂಥ ತಪ್ಪು ಮಾಡೋಕೂ ನೀನೇ ಬೇಕು. ಲೋಕದಲ್ಲಿ ಅಣ್ಣಂದಿರು ತಂಗಿಯ ಕಡೆಗೆ ವಾಲ್ತಾರೆ. ನೀನು ವಾಲಬಾರದು ಅಂತ ಆ ಕಡೆ ಬಿದ್ದೆ!

ಅಧ್ಯಕ್ಷೆಗೆ ಹೇಳಿದೆ. ಅವರು, “ಇಂಥ ನಿಯತ್ತಿನ ಮನುಷ್ಯನ ತಪ್ಪನ್ನ ತಿದ್ದೋದು ಸುಲಭ. ಅವನು ಸದಾ ಒಂದೇ ಕಡೆ ಬಾಗಿರ್ತಾನೆ” ಅಂದರು. ಬರೋ ವಾರ ಮಂಡಳಿ ಸೇರುತ್ತೆ. ಟಿಪ್ಪಣಿಯಲ್ಲಿ ನಾನು ಬರೆಯೋ ಸಾಲು ಇದು: ‘ವೀಕ್ಷಕರು ಪಕ್ಷಪಾತದ ಆರೋಪ ಬರಬಾರದೆಂಬ ಅತಿ ಎಚ್ಚರಿಕೆಯಿಂದ ವರ್ಷದುದ್ದಕ್ಕೂ ಗುಂಪುಗಳನ್ನು ಹೆಚ್ಚು ಎಣಿಸಿದ್ದಾರೆ.’ ಏರಿಳಿತದ ಗೊಡವೆ ಬೇಡ, ಇಡೀ ವರ್ಷಕ್ಕೆ ಒಂದೇ ಅಂಕಿ ಕಳೆದರೆ ಸಾಕು ಅಂತ ಅವರೇ ಹೇಳಿದರು. ಹಾಗೆ ಕಳೆದರೆ ನನ್ನ ಗೆರೆಯ ಕೆಳಗೆ ಆರಾಮಾಗಿ ಬರುತ್ತೆ.

ಮೇಜು ಇನ್ನು ಅಳತೆಗೋಲಾಗಿ ಉಳಿಯೋದಿಲ್ಲ ಅಣ್ಣಾ. ಅದೊಂದು ನನ್ನ ಕೈಲಿ ತಡೆಯೋಕೆ ಆಗಲಿಲ್ಲ. ಆದರೆ ನಿನ್ನ ಹೆಸರಿಗೆ ಮಸಿ ಬೀಳೋ ಹಾಗೆ ಬರೆಯೋದಿಲ್ಲ. ನಿನ್ನಿಂದ ಒಂದೇ ಒಂದು ಸಾಲು ಬೇಕು: ‘ಹೌದು, ಕಾರಣ ಇದೇ.’ ಸಹಿ ಹಾಕಿ ಕಳಿಸು.

ತಂಗಿ


ಅಕ್ಟೋಬರ್ 5

ಮಂಡಳಿಯ ಮಾನ್ಯ ಅಧ್ಯಕ್ಷೆಯವರೇ, ಸದಸ್ಯರೇ, ನಿಯತ್ತಿಗೆ ಪದಕ ಹಿಡಿದು ನಿಂತಿರುವ ಗಂಟಲು ಸಾಹೇಬರೇ,

ತಾವು ಒಂದು ಸಾಲು ಕೇಳಿದ್ದೀರಿ. ಒಂದೇ ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸ ಈ ಭಾಷಣಕಾರನಿಗೆ ಇಲ್ಲವೆಂಬುದು ತಮಗೆ ತಿಳಿದದ್ದೇ. ಆದರೂ ಕೂತೆ. ‘ನಿಯತ್ತು’ ಎಂಬುದಕ್ಕೆ ಪ್ರಾಸ ಹುಡುಕಿದೆ. ಗತ್ತು ಸಿಕ್ಕಿತು, ಸ್ವತ್ತು ಸಿಕ್ಕಿತು, ಕುತ್ತು ಸಿಕ್ಕಿತು. ಸಾಲು ಮಾತ್ರ

ಸಾಕು.

ತಂಗೀ, ಆ ಸಾಲು ಬರೆಯಬೇಡ. ಅದಕ್ಕೆ ನಾನು ಸಹಿ ಹಾಕುವುದಿಲ್ಲ. ವರ್ಷಕ್ಕೆಲ್ಲ ಒಂದೇ ಅಂಕಿ ಕಳೆದರೆ ಸರಿಯಾಗಿ ಎಣಿಸಿದ ದಿನಗಳಿಂದಲೂ ಕಳೆದ ಹಾಗಾಗುತ್ತದೆ. ನಿನಗೆ ನ್ಯಾಯವಾಗಿ ಬರಬೇಕಾದ್ದಕ್ಕಿಂತ ಹೆಚ್ಚು ಸಿಗುತ್ತದೆ. ನೀನು ಹಾಗೆ ಗೆಲ್ಲುವವಳಲ್ಲ. ತಿದ್ದುವುದಾದರೆ ನಿನ್ನ ಪತ್ರಗಳು ನನಗೆ ಬಂದ ತಾರೀಖುಗಳನ್ನು ಮುಂದಿಟ್ಟುಕೊಂಡು ತಿದ್ದು. ಪತ್ರ ಬಂದ ವಾರಗಳನ್ನು ಮುಟ್ಟಬೇಡ. ಬಾರದ ವಾರಗಳಲ್ಲಿ ಕಳೆ. ಎಷ್ಟು ದಿನ ಬಂದಿಲ್ಲವೋ ಅಷ್ಟು ಹೆಚ್ಚು ಕಳೆ. ಮಂಡಳಿಗೆ ಇದನ್ನು ಹೇಗೆ ಹೇಳುತ್ತೀಯೋ ನನಗೆ ಗೊತ್ತಿಲ್ಲ. ಈ ಪತ್ರವನ್ನೇ ಬೇಕಾದರೆ ಓದು.

ನಿಯತ್ತೂ ಅಲ್ಲ, ಎಚ್ಚರಿಕೆಯೂ ಅಲ್ಲ. ನೀನು ಗೆಲ್ಲಬೇಕು ಎಂದು ಎಲ್ಲರ ಮುಂದೆ ಹೇಳಿದೆ. ಪರದೆ ಎಳೆದುಕೊಂಡು ಒಬ್ಬನೇ ಕೂತಾಗ, ಸೋಲಲಿ ಅಂದುಕೊಂಡೆ. ಸೋತರೆ ಮನೆಗೆ ಬರ್ತೀಯ ಅಂತ.

ಅಣ್ಣ